ಅರ್ಧ ಚೀಲ ನೆಲ್ಲಿನ ತೂಕ

ಏಪ್ರಿಲ್ ಬಿಸಿಲಿನಲ್ಲಿ ಸಿಂಧನೂರು ಕಡೆಯ ಒಬ್ಬ ಅಜ್ಜಿ ನಾನಿರುವ ರಾಯಚೂರಿನ ಐಸಿಯುಗೆ ಬಂದರು. 72 ವರ್ಷ, ನ್ಯುಮೋನಿಯಾ. ಬಿಪಿ ನಿಲ್ಲದೆ, ಅದನ್ನು ಏರಿಸುವ ನಾರ್‌ಅಡ್ರಿನಲಿನ್ ಹಚ್ಚಿದ್ದೆವು. ಎಡಗಾಲು ಊದಿತ್ತು, ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿದರೆ ತೊಡೆಯ ರಕ್ತನಾಳದಲ್ಲಿ ಹೆಪ್ಪು. ಕಿಡ್ನಿ ರಕ್ತದಿಂದ ಹೊರಹಾಕುವ ಕಸ ಕ್ರಿಯಾಟಿನಿನ್, ಅದು 1.2. 'ಕಿಡ್ನಿ ಪರವಾಗಿಲ್ಲ ಸರ್' ಅಂತ ಡ್ಯೂಟಿ ಡಾಕ್ಟರ್ ಹೆಪ್ಪು ತಡೆಯುವ ಎನಾಕ್ಸಪರಿನ್ ಇಂಜೆಕ್ಷನ್ ದಿನಕ್ಕೆ ಎರಡು ಸಲ ಬರೆದಿದ್ದ.

ಅವ್ವನ ತೂಕ ಎಷ್ಟಪ್ಪಾ ಅಂತ ಮಗನನ್ನು ಕೇಳಿದೆ. ಅವನು ಹಮಾಲಿ ಕೆಲಸದವನು. 'ಅರ್ಧ ಚೀಲ ನೆಲ್ಲು ಆಗಬಹುದು ನೋಡ್ರಿ ಸಾಹೇಬ್ರ, ನಾನಽ ಹೊತ್ಕೊಂಡು ಬಂದೀನಿ' ಅಂದ. ನಮ್ಮ ಕಡೆ ನೆಲ್ಲಿನ ಚೀಲ 75 ಕೆಜಿ. ಅಂದರೆ ಅಜ್ಜಿ 38.

ಕೇಸ್ ಶೀಟಿನ ಹಿಂದೆ ಲೆಕ್ಕ ಹಾಕಿದೆ. 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ಹೆಂಗಸಾದರೆ ಮತ್ತೆ 0.85ರಿಂದ ಗುಣಿಸಬೇಕು. ಬಂದಿದ್ದು 25, ಅಂದರೆ ಕಿಡ್ನಿ ನಿಮಿಷಕ್ಕೆ ಶುದ್ಧ ಮಾಡುವುದು ಸುಮಾರು 25 ಎಂಎಲ್. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಲ್ಲಿ. ಅಜ್ಜಿಯ ಮೈಮೇಲೆ ಸ್ನಾಯು ಎಲ್ಲಿತ್ತು? ಅದಕ್ಕೇ ಕಿಡ್ನಿ ಸೋತಿದ್ದರೂ 1.2 ಮಾತ್ರ ಕಂಡಿದ್ದು. ಎನಾಕ್ಸಪರಿನ್ ಹೊರಹೋಗುವುದು ಕಿಡ್ನಿಯಿಂದಲೇ. ಲೆಕ್ಕದ ಉತ್ತರ 30ಕ್ಕಿಂತ ಕೆಳಗಿದ್ದರೆ ಅದು ಕೆಜಿಗೆ 1 ಮಿಗ್ರಾಂ ಲೆಕ್ಕದಲ್ಲಿ ದಿನಕ್ಕೆ ಒಂದೇ ಸಲ.

ಆ 25 ಕೂಡ ಜಾಸ್ತಿಯೇ ಅಂತ ನನಗೆ ಅನಿಸಿತು. ಮೂತ್ರ ತುಂಬುವ ಚೀಲ ಯೂರೋಬ್ಯಾಗ್ ನೋಡಿದರೆ ಗಂಟೆಗೆ 10 ಎಂಎಲ್ ಕೂಡ ಸರಿಯಾಗಿ ಇಳಿದಿರಲಿಲ್ಲ. ಕಿಡ್ನಿ ಇವತ್ತು ಕೈಕೊಟ್ಟರೆ ಕ್ರಿಯಾಟಿನಿನ್ ಅದನ್ನು ಹೇಳುವುದು ಒಂದೆರಡು ದಿನ ಬಿಟ್ಟು. ಈ ಸೂತ್ರ ಕ್ರಿಯಾಟಿನಿನ್ ಒಂದೇ ಕಡೆ ನಿಂತಿದ್ದಾಗ ಮಾತ್ರ ನಡೆಯುತ್ತದೆ.

ವರ್ಷಗಳ ಹಿಂದೆ, ಬೇರೆ ಊರಲ್ಲಿದ್ದಾಗ, ಇಂಥದೇ ಒಂದು ರಿಪೋರ್ಟ್ ನಂಬಿ ನಾನೇ ಎನಾಕ್ಸಪರಿನ್ ಎರಡು ಹೊತ್ತು ಕೊಟ್ಟಿದ್ದೆ. ಮೂರನೇ ದಿನ ಬೆಳಿಗ್ಗೆ ಸಿಸ್ಟರ್ ಹೊದಿಕೆ ಸರಿಸಿದರೆ ಹೊಕ್ಕುಳ ಕೆಳಗೆಲ್ಲ ನೇರಳೆ ಹಣ್ಣು ಹಿಚುಕಿದ ಹಾಗೆ. ಹಿಮೋಗ್ಲೋಬಿನ್ 10ರಿಂದ 6ಕ್ಕೆ ಇಳಿದಿತ್ತು. ಆ ಬಣ್ಣ ಇನ್ನೂ ಮರೆತಿಲ್ಲ.

ಹಾಗಾಗಿ ಅಜ್ಜಿಗೆ ಹೆಪ್ಪು ತಡೆಯುವ ಇನ್ನೊಂದು ಔಷಧಿ, ಸಾದಾ ಹೆಪಾರಿನ್ ಹಚ್ಚಿದೆ. ಅದು ಹೊರಹೋಗಲು ಕಿಡ್ನಿಯ ಹಂಗು ಅಷ್ಟಾಗಿ ಇಲ್ಲ. ನಿಲ್ಲಿಸಿದರೆ ಒಂದು, ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ರಕ್ತ ಸೋರಿದರೆ ಹೆಪಾರಿನ್ ಕೆಲಸ ನಿಲ್ಲಿಸಲು ಪ್ರೋಟಮಿನ್ ಇದೆ, ಎನಾಕ್ಸಪರಿನ್‌ಗೆ ಅದು ಪೂರ್ತಿ ಕೆಲಸ ಮಾಡಲ್ಲ. ಮೊದಲು ಕೆಜಿಗೆ 80 ಯೂನಿಟ್, ಆಮೇಲೆ ಸಿರಿಂಜ್ ಪಂಪಿನಲ್ಲಿ ಗಂಟೆಗೆ ಕೆಜಿಗೆ 18. ಆರು ಗಂಟೆಗೊಮ್ಮೆ ಎಪಿಟಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಪರೀಕ್ಷೆ. ರಾತ್ರಿ ಎರಡಕ್ಕೆ ಸ್ಯಾಂಪಲ್ ಕಳಿಸಿದಾಗ ಲ್ಯಾಬಿನ ಹುಡುಗ ಬೈದುಕೊಂಡಿರಬೇಕು, ಪಾಪ.

ಉಲ್ಟಾ ಕೂಡ ಆಗುತ್ತದೆ. ಬೈಕ್‌ನಿಂದ ಬಿದ್ದು ಬಂದ ಗಟ್ಟಿಮುಟ್ಟಾದ ಹುಡುಗರಲ್ಲಿ ಕಿಡ್ನಿ ಒಮ್ಮೊಮ್ಮೆ ವಿಪರೀತ ಚುರುಕಾಗಿ ಔಷಧಿಯನ್ನು ಬೇಗ ಹೊರಹಾಕುತ್ತದೆ. ಅವರಿಗೆ ಮಾಮೂಲಿ ಡೋಸ್ ಸಾಲದೇ ಹೋಗಬಹುದು.

ಅಜ್ಜಿಯ ಕ್ರಿಯಾಟಿನಿನ್ ಮೂರನೇ ದಿನ 2.1ಕ್ಕೆ ಏರಿತು. ಅಷ್ಟರಲ್ಲಿ ಮೂತ್ರ ಆಗಲೇ ಚೆನ್ನಾಗಿ ಬರತೊಡಗಿತ್ತು, ಯೂರೋಬ್ಯಾಗಿನ ಗೆರೆ ಎಣಿಸುವುದು ಮಗನಿಗೂ ಚಟವಾಗಿತ್ತು. ಏಳನೇ ದಿನಕ್ಕೆ ಕ್ರಿಯಾಟಿನಿನ್ 1.3ಕ್ಕೆ ಬಂದು ನಿಂತಿತು. ಪಂಪ್ ತೆಗೆದು ಎನಾಕ್ಸಪರಿನ್‌ಗೆ ಬದಲಾಯಿಸೋಣ ಅಂದೆ. ಡ್ಯೂಟಿ ಡಾಕ್ಟರ್ ತಾನೇ ಲೆಕ್ಕ ಹಾಕಿಕೊಂಡು ಬಂದ. ಹೆಂಗಸರ 0.85 ಮರೆತಿದ್ದ. ಆದರೂ ಉತ್ತರ 30ರ ಒಳಗೇ ಇತ್ತು, ದಿನಕ್ಕೆ ಒಂದೇ ಸಲ ಅಂತ ಬರೆದಿದ್ದ.