ಮರದ ಹಾವಸೆ: ನೀರು ಚಿಮುಕಿಸುವ ಮುನ್ನ ನೋಡಬೇಕಾದದ್ದು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆಯುವವರಿಗೆ ಮರದ ತೊಗಟೆಯ ಮೇಲಿನ ಹಸಿರು ಹೊಸದೇನಲ್ಲ. ಕೇಳಿದರೆ ಎಲ್ಲರೂ ‘ಪಾಚಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಹಳೆಯ ಮಾವಿನ ಮರವೊಂದರ ಬೊಡ್ಡೆಯ ಮೇಲೆ ಅಂಗೈ ಊರುವಷ್ಟು ಜಾಗದಲ್ಲೇ ಎರಡು ಮೂರು ಬಗೆಯ ಹಾವಸೆಗಳು, ಅಂದರೆ ಇಂಗ್ಲಿಷಿನಲ್ಲಿ ಮಾಸ್ ಎನ್ನುವ ಪುಟ್ಟ ಸಸ್ಯಗಳು, ಒಂದರೊಳಗೊಂದು ಹೆಣೆದುಕೊಂಡಿರಬಹುದು. ಅವನ್ನು ಬೇರ್ಪಡಿಸಿ ಗುರುತಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಸಣ್ಣ ಸ್ಪ್ರೇ ಬಾಟಲಿ, ಹಳೆಯ ದಿನಪತ್ರಿಕೆಯ ನಾಲ್ಕು ಹಾಳೆ ಮತ್ತು ಪೆನ್ಸಿಲ್ ಸಾಕು. ಹಿಂಗಾರಿನ ಮಳೆ ನಿಂತ ಮೇಲಿನ ನವೆಂಬರ್, ಡಿಸೆಂಬರ್ ತಿಂಗಳುಗಳು ಕಲಿಯುವವರಿಗೆ ಹೇಳಿಮಾಡಿಸಿದಂತಿರುತ್ತವೆ.

ಕಣ್ಣೆದುರಿಗಿರುವುದು ಹಾವಸೆಯೇ ಹೌದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬೆರಳಿನಿಂದ ಉಜ್ಜಿದರೆ ಹಸಿರು ಪುಡಿಯಾಗಿ ಅಂಟಿಕೊಳ್ಳುವುದು ನಿಜವಾದ ಪಾಚಿ. ಬೂದು ಬಣ್ಣದ ಹಪ್ಪಳದಂತೆ ತೊಗಟೆಗೆ ಕಚ್ಚಿಕೊಂಡಿರುವುದು ಕಲ್ಲುಹೂವಿನ ಜಾತಿಗೆ ಸೇರಿದ್ದು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನಂತೆಯೇ ಅದು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ. ಹೆಚ್ಚು ಮೋಸಗೊಳಿಸುವುದು ಫ್ರುಲಾನಿಯಾ ಎಂಬ ಲಿವರ್‌ವರ್ಟ್, ಅಂದರೆ ಹಾವಸೆಯ ಹತ್ತಿರದ ನೆಂಟ. ಕಂದುಗೆಂಪು ಬಣ್ಣದ ಅದರ ಕವಲುಗಳು ತೊಗಟೆಗೆ ಅಂಟಿ ಹರಡುತ್ತವೆ. ದುಂಡನೆಯ ಎಲೆಗಳು ಎರಡೂ ಪಕ್ಕಕ್ಕೆ ಸಾಲಾಗಿರುತ್ತವೆ, ನಡುನರ ಇರುವುದಿಲ್ಲ, ಕವಲನ್ನು ಮಗುಚಿ ನೋಡಿದರೆ ಎಲೆಯ ಅಡಿಯಲ್ಲಿ ಪುಟ್ಟ ಶಿರಸ್ತ್ರಾಣದಂಥ ಮಡಿಕೆ ಕಾಣುತ್ತದೆ. ಮರದ ಹಾವಸೆಗಳಲ್ಲಿ ಎಲೆಗಳು ಸಾಮಾನ್ಯವಾಗಿ ಕಾಂಡದ ಸುತ್ತಲೂ ಹುಟ್ಟುತ್ತವೆ, ತುದಿ ಚೂಪಾಗಿರುತ್ತದೆ, ಮತ್ತು ಈ ಮಡಿಕೆ ಎಂದಿಗೂ ಇರುವುದಿಲ್ಲ.

ಹೊಸಬರು ಮಾಡುವ ದೊಡ್ಡ ತಪ್ಪು ಮುಂದಿನ ಹಂತದಲ್ಲಿದೆ. ಹಾವಸೆ ಕಂಡ ಕೂಡಲೇ ಅದರ ಮೇಲೆ ನೀರು ಚಿಮುಕಿಸುವ ಆಸೆಯಾಗುತ್ತದೆ, ಏಕೆಂದರೆ ಒದ್ದೆಯಾದಾಗ ಅದು ನೋಡಲು ಸೊಗಸು. ಹಾಗೆ ಮಾಡಬಾರದು. ಒಣಗಿದಾಗ ಎಲೆಗಳು ಹೇಗೆ ಮುದುಡಿಕೊಳ್ಳುತ್ತವೆ ಎಂಬುದು ಹಾವಸೆಯ ಗುರುತುಗಳಲ್ಲೇ ಮುಖ್ಯವಾದದ್ದು, ಮತ್ತು ಒಮ್ಮೆ ನೀರು ಬಿದ್ದರೆ ಅದನ್ನು ಮತ್ತೆ ನೋಡಲು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಆದ್ದರಿಂದ ಬಿಸಿಲೇರಿದ ಮೇಲೆ, ಸುಮಾರು ಹತ್ತು ಗಂಟೆಯ ನಂತರ ಹೋಗುವುದು ಲೇಸು. ಗುಂಗುರು ಕೂದಲಿನಂತೆ ತಿರುಚಿಕೊಂಡಿದೆಯೇ, ಹುರಿ ಮಾಡಿದ ಹಗ್ಗದಂತೆ ಕಾಂಡಕ್ಕೆ ಒತ್ತಿಕೊಂಡಿದೆಯೇ, ಅಂಚುಗಳು ಒಳಕ್ಕೆ ಸುರುಳಿಯಾಗಿವೆಯೇ ಎಂದು ನೋಡಿ ಬರೆದುಕೊಂಡ ಮೇಲಷ್ಟೇ ಬಾಟಲಿಯನ್ನು ಕೈಗೆತ್ತಿಕೊಳ್ಳಬೇಕು. ಬಣ್ಣವನ್ನು ಮಾತ್ರ ನಂಬಬಾರದು. ಒಂದೇ ಹಾವಸೆ ನೆರಳಿನಲ್ಲಿ ಹಚ್ಚಹಸಿರಾಗಿಯೂ ಬಿಸಿಲಿನಲ್ಲಿ ಹೊಂಬಣ್ಣವಾಗಿಯೂ ಇರುತ್ತದೆ.

ಒಣಗಿರುವಾಗಲೇ ಬೆಳೆಯುವ ರೀತಿಯನ್ನೂ ಗಮನಿಸಬೇಕು. ಕೆಲವು ಹಾವಸೆಗಳು ಒತ್ತೊತ್ತಾಗಿ ನೆಟ್ಟಗೆ ನಿಂತು ದಿಂಬಿನಂತಾಗುತ್ತವೆ, ಅವುಗಳ ಬೀಜಕದ ಚೀಲ ಕಾಂಡದ ತುದಿಯಲ್ಲಿರುತ್ತದೆ. ಇನ್ನು ಕೆಲವು ಚಾಪೆಯಂತೆ ಹರಡುತ್ತವೆ, ಚೀಲದ ಕಡ್ಡಿ ಪಕ್ಕದಿಂದ ಏಳುತ್ತದೆ. ಈ ವಿಂಗಡಣೆಗೆ ಸುಲಭವಾಗಿ ಬಗ್ಗದಿರುವುದು ಮ್ಯಾಕ್ರೊಮೈಟ್ರಿಯಂ. ಅದರ ಮುಖ್ಯ ಕಾಂಡ ತೊಗಟೆಯ ಮೇಲೆ ತೆವಳುತ್ತದೆ, ಆದರೆ ಅದರಿಂದ ಗಿಡ್ಡ ಕವಲುಗಳು ನೆಟ್ಟಗೆ ಎದ್ದು ಅವುಗಳ ತುದಿಯಲ್ಲಿ ಚೀಲ ಬಿಡುತ್ತದೆ. ಒಣಗಿದಾಗ ತಿರುಚಿಕೊಳ್ಳುವ ಎಲೆ, ಚೀಲದ ಮೇಲೆ ಗಂಟೆಯಾಕಾರದ ದೊಡ್ಡ ಟೊಪ್ಪಿಗೆ, ಇವೆರಡೂ ಸಿಕ್ಕರೆ ಅದು ಬಹುತೇಕ ಮ್ಯಾಕ್ರೊಮೈಟ್ರಿಯಂ.

ನಮ್ಮ ಸೀಮೆಯ ಮರಗಳಲ್ಲಿ ಹೆಚ್ಚು ಗೊಂದಲ ಮಾಡುವುದು ಚಾಪೆಯಂತೆ ಹರಡುವ ಮೂರು ಕುಲಗಳು: ಎರಿಥ್ರೊಡಾಂಟಿಯಂ, ಎಂಟೊಡಾನ್ ಮತ್ತು ಫ್ಯಾಬ್ರೊನಿಯಾ. ಎರಿಥ್ರೊಡಾಂಟಿಯಂನ ಕವಲನ್ನು ಒಣಗಿದಾಗ ನೋಡಿದರೆ ಹೊಳೆಯುವ ಹೊಂಬಣ್ಣದ ಪುಟ್ಟ ಹುಳುವಿನಂತಿರುತ್ತದೆ. ಚಮಚದಂತೆ ಕುಳಿಬಿದ್ದ ಅಗಲ ಎಲೆಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟು ಮಸೂರದಲ್ಲಿ ನೋಡುತ್ತಿದ್ದರೆ, ಹನಿ ಕವಲಿನುದ್ದಕ್ಕೂ ಎಲೆಗಳ ಸಂದಿಯಲ್ಲಿ ಓಡಿ ಮಾಯವಾಗುತ್ತದೆ. ಎಲೆಗಳು ಕೊಂಚ ಉಬ್ಬಿ ಬಣ್ಣ ತಿಳಿಯಾಗುತ್ತದೆಯೇ ಹೊರತು ಕವಲಿನ ದುಂಡು ಕೆಡುವುದಿಲ್ಲ. ಎಂಟೊಡಾನ್ ಕೂಡ ಹೊಳೆಯುತ್ತದೆ, ಅದಕ್ಕೂ ಸ್ಪಷ್ಟವಾದ ನಡುನರವಿಲ್ಲ. ಆದರೆ ಅದರ ಹಲವು ಪ್ರಭೇದಗಳಲ್ಲಿ ಎಲೆ ಉದ್ದುದ್ದವಾಗಿದ್ದು, ಒದ್ದೆಯಾದಾಗ ಕವಲು ಪಕ್ಕಕ್ಕೆ ಹರಡಿ ಚಪ್ಪಟೆಯಾಗಿ ತೋರುತ್ತದೆ. ದುಂಡು ಕವಲಿನ ಎಂಟೊಡಾನ್‌ಗಳೂ ಇರುವುದರಿಂದ ಚೀಲವನ್ನು ನೋಡದೆ ತೀರ್ಪು ಕೊಡಬಾರದು: ಎಂಟೊಡಾನಿನದು ಉದ್ದನೆಯ ಕೊಳವೆಯಂಥ ನೆಟ್ಟಗಿನ ಚೀಲ, ಎರಿಥ್ರೊಡಾಂಟಿಯಂನದು ಅದಕ್ಕಿಂತ ಗಿಡ್ಡ. ಎರಿಥ್ರೊಡಾಂಟಿಯಂ ಎಂದರೆ ಗ್ರೀಕಿನಲ್ಲಿ ‘ಕೆಂಪು ಹಲ್ಲು’, ಚೀಲದ ಬಾಯಿಯ ಸುತ್ತಲಿನ ಹಲ್ಲುಗಳಿಂದ ಬಂದ ಹೆಸರು. ಎಂಟೊಡಾನಿನ ಹಲ್ಲುಗಳೂ ಕೆಂಗಂದಾಗಿರುವುದುಂಟು, ಹಾಗಾಗಿ ಹೆಸರಿಗೆ ಮಾರುಹೋಗಬಾರದು.

ಫ್ಯಾಬ್ರೊನಿಯಾ ಇವೆರಡಕ್ಕಿಂತ ಬಹಳ ಚಿಕ್ಕದು. ತೊಗಟೆಯ ಬಿರುಕಿನಲ್ಲಿ ರೇಷ್ಮೆಯ ಎಳೆ ಉದುರಿದಂತೆ ಕಾಣುವ ಅದನ್ನು ನಾನು ಮೊದಮೊದಲು ಎರಿಥ್ರೊಡಾಂಟಿಯಂನ ಎಳೆಯ ಕವಲೆಂದೇ ಬರೆದಿಟ್ಟುಕೊಳ್ಳುತ್ತಿದ್ದೆ. ಎಲೆಯ ಅರ್ಧದವರೆಗೆ ಹೋಗುವ ಒಂಟಿ ನಡುನರ, ಹಲವು ಪ್ರಭೇದಗಳಲ್ಲಿ ಅಂಚಿನುದ್ದಕ್ಕೂ ರೆಪ್ಪೆಗೂದಲಿನಂಥ ಹಲ್ಲುಗಳು, ಇವು ಅದನ್ನು ಬಿಟ್ಟುಕೊಡುತ್ತವೆ. ಇದಕ್ಕೆ ಇಪ್ಪತ್ತು ಪಟ್ಟಿನ ಮಸೂರವಿದ್ದರೆ ಒಳ್ಳೆಯದು. ಚೀಲ ಗಿಡ್ಡವಾಗಿ, ಖಾಲಿಯಾದ ಮೇಲೆ ಅಗಲ ಬಾಯಿಯ ಬಟ್ಟಲಿನಂತಾಗುತ್ತದೆ. ಅದರ 16 ಹಲ್ಲುಗಳು ಜೋಡಿಜೋಡಿಯಾಗಿ ಕೂಡಿರುವುದರಿಂದ ಎಣಿಸಿದವರಿಗೆ ಎಂಟೇ ಎನಿಸುತ್ತದೆ.

ಮರದ ಬುಡದಲ್ಲಿ ನೆಟ್ಟಗೆ ನಿಂತವು ಸಿಕ್ಕರೆ ಕೆಲಸ ಸುಲಭ. ಎಲೆಯ ತುದಿಯಲ್ಲಿ ಹಸಿರು ಕಣಗಳ ಪುಟ್ಟ ಗೊಂಚಲಿದ್ದರೆ ಅದು ಬಹುತೇಕ ಕ್ಯಾಲಿಂಪೆರಿಸ್. ಆ ಕಣಗಳು ಉದುರಿದಲ್ಲೇ ಹೊಸ ಗಿಡವಾಗುತ್ತವೆ. ಒಣಗಿದಾಗ ಎಲೆಯ ಅಂಚು ಒಳಕ್ಕೆ ಸುರುಳಿಯಾಗುವ ಹಯೊಫಿಲಾ ಇನ್‌ವೊಲ್ಯೂಟಾ ನಿಜಕ್ಕೂ ಕಾಂಪೌಂಡ್ ಗೋಡೆಯ ಗಿರಾಕಿ, ಮಣ್ಣು ಹತ್ತಿದ ಬೊಡ್ಡೆಗೂ ಒಮ್ಮೊಮ್ಮೆ ಬರುತ್ತದೆ.

ಮನೆಗೆ ತರುವುದಾದರೆ ಉಗುರಿನಗಲಕ್ಕಿಂತ ಹೆಚ್ಚು ಕೀಳಬೇಕಾದ ಅಗತ್ಯವಿಲ್ಲ, ಮತ್ತು ರಂಗನತಿಟ್ಟಿನಂಥ ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಅದನ್ನೂ ಕೀಳುವಂತಿಲ್ಲ. ಪತ್ರಿಕೆಯ ಹಾಳೆಯನ್ನು ಲಕೋಟೆಯಂತೆ ಮಡಚಿ, ಯಾವ ಮರ, ಎಷ್ಟು ಎತ್ತರ, ಬಿಸಿಲೋ ನೆರಳೋ, ದಿನಾಂಕ ಯಾವುದು ಎಂಬುದನ್ನು ಅಲ್ಲೇ ಬರೆಯಬೇಕು. ಪ್ಲಾಸ್ಟಿಕ್ ಕವರ್ ಬೇಡ. ಮೇಲುಕೋಟೆಯಿಂದ ತಂದ ಒಂದು ಮಧ್ಯಾಹ್ನದ ಶ್ರಮವನ್ನೆಲ್ಲ ನಾನು ಹಾಗೆ ಕವರಿನಲ್ಲಿ ಕಟ್ಟಿಟ್ಟು, ನಾಲ್ಕು ದಿನ ಬಿಟ್ಟು ಬಿಚ್ಚಿದಾಗ ಬೂಷ್ಟು ಮಾತ್ರ ಉಳಿದಿತ್ತು. ಕಾಗದದಲ್ಲಿ ಒಣಗಿದ ಹಾವಸೆಯಾದರೆ ವರ್ಷಗಳ ನಂತರವೂ ನೀರು ಹಾಕಿದ ಕೂಡಲೇ ಎಲೆ ಬಿಚ್ಚುತ್ತದೆ.

ಮಸೂರದಿಂದ ಕುಲದವರೆಗೆ ಹೋಗಬಹುದು, ಪ್ರಭೇದದ ಹೆಸರಿಗೆ ಸೂಕ್ಷ್ಮದರ್ಶಕವೇ ಬೇಕು. ನೆನೆಸಿದ ಕವಲಿನಿಂದ ನಾಲ್ಕೈದು ಎಲೆಗಳನ್ನು ಸೂಜಿಯಿಂದ ಬುಡಸಮೇತ ಕಿತ್ತು ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಎಲೆ ಕಾಂಡಕ್ಕೆ ಸೇರುವ ಎರಡು ಮೂಲೆಗಳ ಜೀವಕೋಶಗಳನ್ನು ಮೊದಲು ನೋಡಬೇಕು. ಅಲ್ಲಿನ ಚೌಕ ಕೋಶಗಳು ಎಷ್ಟಿವೆ, ಅಂಚಿನ ಗುಂಟ ಎಷ್ಟು ಮೇಲಕ್ಕೆ ಹತ್ತಿವೆ ಎಂಬುದನ್ನೇ ಗುರುತಿನ ಕೈಪಿಡಿಗಳು ಕೇಳುತ್ತವೆ; ಎಲೆಯನ್ನು ಎಳೆಯುವಾಗ ಹರಿದು ಕಾಂಡದಲ್ಲೇ ಉಳಿದುಬಿಡುವುದೂ ಆ ಮೂಲೆಗಳೇ.