ಮೂವತ್ತೆರಡು ಪುಟಗಳ ಕಥೆ: ಮಕ್ಕಳ ಪುಸ್ತಕ ಬರೆದು ಪ್ರಕಟಿಸುವ ಬಗೆ

ಮಕ್ಕಳಿಗೆ ಕಥೆ ಹೇಳಬಲ್ಲವರೆಲ್ಲ ಮಕ್ಕಳ ಪುಸ್ತಕ ಬರೆಯಬಲ್ಲರೆಂಬ ನಂಬಿಕೆ ಬಹಳ ಜನರಲ್ಲಿದೆ. ಮಡಿಲಲ್ಲಿ ಕುಳಿತ ಮಗುವಿಗೆ ಕಥೆ ಹೇಳುವಾಗ ನಮ್ಮ ದನಿ, ಕಣ್ಣು, ಕೈಸನ್ನೆಗಳೆಲ್ಲ ನೆರವಿಗೆ ಬರುತ್ತವೆ. ಮಗು ಆಕಳಿಸಿದರೆ ಕಥೆಯ ದಾರಿಯನ್ನು ಅಲ್ಲೇ ತಿರುಗಿಸುತ್ತೇವೆ. ಅಚ್ಚಾದ ಪುಟಕ್ಕೆ ಈ ಅನುಕೂಲವಿಲ್ಲ. ಅಲ್ಲಿ ಕಥೆಯ ಅರ್ಧವನ್ನು ಚಿತ್ರ ಹೇಳುತ್ತದೆ, ಉಳಿದುದರಲ್ಲಿಯೂ ಒಂದು ಪಾಲು ಪುಟ ಮಗುಚುವ ಕೈಯದು. ಹೊಸಬರ ಹಸ್ತಪ್ರತಿಗಳಲ್ಲಿ ಕಥೆ ಕೆಟ್ಟದಾಗಿರುವುದಕ್ಕಿಂತಲೂ ಇವೆರಡಕ್ಕೆ ಜಾಗವಿಲ್ಲದಿರುವುದೇ ಹೆಚ್ಚು ಕಾಣುವ ಕೊರತೆಯೆಂಬುದು ನನ್ನ ಅಭಿಪ್ರಾಯ.

ವಯಸ್ಸು ಮೊದಲು, ಕಥೆ ಆಮೇಲೆ

ಹಾಗಾಗಿ ಯಾವ ವಯಸ್ಸಿನ ಮಗುವಿಗೆ ಬರೆಯುತ್ತಿದ್ದೇವೆಂಬುದನ್ನು ಮೊದಲ ವಾಕ್ಯಕ್ಕೂ ಮುಂಚೆ ನಿರ್ಧರಿಸಿಕೊಳ್ಳಬೇಕು. ಮೂರು ವರ್ಷದೊಳಗಿನವರಿಗೆ ಎಳೆದರೂ ಹರಿಯದ, ಬಾಯಿಗಿಟ್ಟರೂ ಬೇಗ ಕೆಡದ ದಪ್ಪ ರಟ್ಟಿನ ಪುಸ್ತಕಗಳಿವೆ. ಅವುಗಳಲ್ಲಿ ಪುಟಕ್ಕೊಂದು ಮಾತಿದ್ದರೆ ಸಾಕು. 3ರಿಂದ 8 ವರ್ಷದವರಿಗೆ ದೊಡ್ಡವರು ಓದಿ ಹೇಳುವ ಚಿತ್ರಪುಸ್ತಕಗಳು ಸಾಮಾನ್ಯವಾಗಿ 500 ಪದಗಳ ಆಸುಪಾಸಿನಲ್ಲಿದ್ದು, 1,000 ಪದಗಳನ್ನು ದಾಟುವುದು ವಿರಳ. 6ರಿಂದ 9ರವರಿಗೆ ಅಧ್ಯಾಯಗಳಿರುವ ಕಿರುಕಾದಂಬರಿ 5,000ದಿಂದ 15,000 ಪದಗಳಷ್ಟು, 8ರಿಂದ 12ರವರ ಕಾದಂಬರಿ 25,000ದಿಂದ 50,000 ಪದಗಳಷ್ಟು ಇರುವುದು ವಾಡಿಕೆ. ಇವು ಇಂಗ್ಲಿಷ್ ಪ್ರಕಾಶನದ ಲೆಕ್ಕಗಳೆಂಬುದನ್ನು ಮಾತ್ರ ಮರೆಯಬಾರದು. ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಅದೇ ಕಥೆ ಇನ್ನೂ ಕಡಿಮೆ ಪದಗಳಲ್ಲಿ ಮುಗಿಯುತ್ತದೆಯಾದ್ದರಿಂದ ಕೈಯನ್ನು ಮತ್ತಷ್ಟು ಬಿಗಿ ಹಿಡಿಯುವುದು ಒಳ್ಳೆಯದು. ಆಗತಾನೆ ಅಕ್ಷರ ಕೂಡಿಸಿ ಓದಲು ಕಲಿತವರಿಗೆ ಬರೆಯುವುದು ಎಲ್ಲಕ್ಕಿಂತ ಕಠಿಣ. ಒತ್ತಕ್ಷರವೇ ಇಲ್ಲದೆ ಒಂದು ಪುಟ ಬರೆಯಲು ಕುಳಿತವರಿಗೆ ಆ ಕಷ್ಟ ಅರ್ಧ ಗಂಟೆಯಲ್ಲಿ ಮನವರಿಕೆಯಾಗುತ್ತದೆ.

ಹಾಳೆ ಮಡಚಿ ಡಮ್ಮಿ ಮಾಡಿ

ಚಿತ್ರಪುಸ್ತಕವೊಂದಕ್ಕೆ ಸಾಮಾನ್ಯವಾಗಿ 32 ಪುಟಗಳಿರುವುದಕ್ಕೆ ಕಾರಣ ಮುದ್ರಣಾಲಯದಲ್ಲಿದೆ. ದೊಡ್ಡ ಹಾಳೆಯೊಂದರ ಎರಡೂ ಮಗ್ಗುಲಲ್ಲಿ ಎಂಟೆಂಟು ಪುಟಗಳನ್ನು ಮುದ್ರಿಸಿ ಮಡಚಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ. ಅಂಥ ಎರಡು ಫಾರಂ ಸೇರಿದರೆ 32. ಶೀರ್ಷಿಕೆ, ಹಕ್ಕುಸ್ವಾಮ್ಯದ ವಿವರ, ಅರ್ಪಣೆ ಮುಂತಾದವುಗಳನ್ನು ಕಳೆದರೆ ಕಥೆಗೆ ಸುಮಾರು 24ರಿಂದ 28 ಪುಟಗಳು, ಅಂದರೆ ಎದುರುಬದುರಾಗಿ ತೆರೆದುಕೊಳ್ಳುವ 12ರಿಂದ 14 ಜೋಡಿಪುಟಗಳು ದೊರೆಯುತ್ತವೆ. ಇಷ್ಟರಲ್ಲಿ ಕಥೆ ಹುಟ್ಟಿ, ಬೆಳೆದು, ಮುಗಿಯಬೇಕು.

ಇದನ್ನು ತಿಳಿಯಲು ಲೆಕ್ಕಕ್ಕಿಂತ ಕೈಗೆಲಸವೇ ಮೇಲು. ಎಂಟು ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಚಿ ಪಿನ್ ಹೊಡೆದರೆ 32 ಪುಟಗಳ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಸಿದ್ಧವಾಗುತ್ತದೆ. ಪುಟಸಂಖ್ಯೆ ಬರೆದು, ಕಥೆಯ ಮಾತುಗಳನ್ನು ಕತ್ತರಿಸಿ ಆಯಾ ಪುಟಕ್ಕೆ ಅಂಟಿಸಿ, ಚಿತ್ರ ಬರುವಲ್ಲಿ ಕಡ್ಡಿಗೊಂಬೆಗಳನ್ನು ಗೀಚಿದರೂ ಸಾಕು. ಎಲ್ಲಿ ಮಾತು ಹೆಚ್ಚಾಗಿದೆ, ಎಲ್ಲಿ ಮೂರು ಪುಟ ಕಳೆದರೂ ಪಾತ್ರ ಒಂದೇ ಜಾಗದಲ್ಲಿ ನಿಂತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಉದಾಹರಣೆಗೆ, ಪೆಟ್ಟಿಗೆಯೊಳಗಿಂದ ಸದ್ದು ಬಂತೆಂಬ ವಾಕ್ಯ ಬಲಪುಟದ ಕೊನೆಯಲ್ಲಿದ್ದು, ಒಳಗೆ ಏನಿತ್ತೆಂಬುದು ಪುಟ ಮಗುಚಿದ ಮೇಲೆ ಎಡಪುಟದಲ್ಲಿ ಸಿಕ್ಕಿದರೆ ಮಗು ತಾನೇ ಕೈ ಚಾಚುತ್ತದೆ. ಎರಡೂ ಒಂದೇ ಜೋಡಿಪುಟದಲ್ಲಿ ಬಂದರೆ ಚಿತ್ರ ಮೊದಲೇ ಗುಟ್ಟು ಬಿಟ್ಟುಕೊಡುತ್ತದೆ.

ಡಮ್ಮಿ ಕೈಯಲ್ಲಿರುವಾಗಲೇ ಕತ್ತರಿ ಹಿಡಿಯಬೇಕು. ಹುಡುಗಿಯ ಅಂಗಿಯ ಬಣ್ಣ, ಗುಂಗುರು ಕೂದಲು, ಕಿಟಕಿಯಾಚೆಯ ಮಳೆ ಇವೆಲ್ಲ ಚಿತ್ರದ ಪಾಲಿನವು. ಕಥೆ ಅವುಗಳ ಮೇಲೆ ನಿಂತಿಲ್ಲವಾದರೆ ಮಾತಿನಲ್ಲಿ ಹೇಳುವುದು ದಂಡ. ಚಿತ್ರ ಹೇಳಲಾಗದ ಸದ್ದು, ವಾಸನೆ, ಮನಸ್ಸಿನೊಳಗಿನ ಮಾತು, ಕಾಲದ ಜಿಗಿತ ಇವು ಪದಗಳ ಪಾಲಿಗೆ ಉಳಿಯಲಿ. ಕೊನೆಯ ಪುಟದಲ್ಲಿ ಅಜ್ಜನೋ ಟೀಚರೋ ಬಂದು ಮಗುವಿನ ತೊಡಕನ್ನು ಬಿಡಿಸಿ ನೀತಿ ಹೇಳುವ ಚಾಳಿಯನ್ನೂ ಬಿಡಬೇಕು. ತೊಡಕು ಮಗುವಿನದಾದರೆ ಬಿಡಿಸಿಕೊಳ್ಳುವುದೂ ಮಗುವಿನದೇ ಆಗಬೇಕು. ಪದ್ಯದಲ್ಲಿ ಬರೆಯುವವರು ಪ್ರಾಸದ ತ್ರಾಸಕ್ಕೆ ಸಿಕ್ಕಿ ಕಥೆಯನ್ನು ಬಲಿಗೊಡದಂತೆ ನೋಡಿಕೊಳ್ಳಬೇಕು. ಅನಂತರ ಹಸ್ತಪ್ರತಿಯನ್ನು ಕಥೆ ಗೊತ್ತಿಲ್ಲದ ಬೇರೊಬ್ಬರ ಕೈಗಿತ್ತು ಗಟ್ಟಿಯಾಗಿ ಓದಿಸಿ ಕೇಳಿರಿ. ಅವರ ನಾಲಿಗೆ ತಡವರಿಸಿದ ಕಡೆಯೆಲ್ಲ ವಾಕ್ಯ ತಿದ್ದಬೇಕಾಗಿದೆ ಎಂದರ್ಥ. ಸ್ವಂತ ಮಕ್ಕಳ ಮೆಚ್ಚುಗೆಯನ್ನು ಮಾತ್ರ ಪ್ರಮಾಣವಾಗಿ ಹಿಡಿಯಬೇಡಿ, ಅವರಿಗೆ ಕಥೆಗಿಂತ ನಿಮ್ಮ ಮೇಲೆ ಪ್ರೀತಿ ಹೆಚ್ಚು.

ಪ್ರಕಾಶಕರಿಗೆ ಕಳುಹಿಸುವಾಗ

ಇಲ್ಲಿ ಬಹಳ ಮಂದಿ ಎಡವುವುದು ಚಿತ್ರಗಳ ವಿಷಯದಲ್ಲಿ. ಪರಿಚಯದ ಕಲಾವಿದರಿಗೆ ಹಣ ಕೊಟ್ಟು ಅಷ್ಟೂ ಪುಟಗಳನ್ನು ಬರೆಯಿಸಿ ಕಳುಹಿಸುವ ಅಗತ್ಯವಿಲ್ಲ. ಕಲಾವಿದರನ್ನು ಆರಿಸುವುದು ಸಾಮಾನ್ಯವಾಗಿ ಪ್ರಕಾಶನ ಸಂಸ್ಥೆಯ ಸಂಪಾದಕರ ಕೆಲಸ. ನೀವೇ ಚಿತ್ರಕಾರರಾಗಿದ್ದರೆ ಡಮ್ಮಿಯ ಜೊತೆ ಪೂರ್ಣಗೊಂಡ ಒಂದೆರಡು ಚಿತ್ರಗಳಿದ್ದರೆ ಸಾಕು. ಮಾತಿನಿಂದ ತಿಳಿಯದ ಸಂಗತಿ ಚಿತ್ರದಲ್ಲಿ ಇರಲೇಬೇಕಾದಾಗ ಮಾತ್ರ ಆವರಣದೊಳಗೆ ಚಿಕ್ಕ ಸೂಚನೆ ಬರೆಯಬಹುದು. ಪ್ರಕಾಶಕರ ಇತ್ತೀಚಿನ ಹತ್ತಾರು ಪುಸ್ತಕಗಳನ್ನು ಓದಿ, ನಿಮ್ಮ ಕಥೆ ಆ ಸಾಲಿನಲ್ಲಿ ಕೂರುತ್ತದೆಯೇ ಎಂದು ನೋಡಿ, ಅವರು ಪ್ರಕಟಿಸಿರುವ ನಿಯಮಗಳಂತೆಯೇ ಹಸ್ತಪ್ರತಿ ಕಳುಹಿಸಿ. ಜೊತೆಗಿಡುವ ಪತ್ರ ಒಂದು ಪುಟವನ್ನು ಮೀರದೆ ಕಥೆಯ ತಿರುಳು, ಓದುಗರ ವಯಸ್ಸು, ಪದಗಳ ಸಂಖ್ಯೆ ಮತ್ತು ನಿಮ್ಮ ಕಿರುಪರಿಚಯ ಇಷ್ಟನ್ನು ಒಳಗೊಂಡರೆ ಸಾಕು. ಮಕ್ಕಳ ಪತ್ರಿಕೆಗಳಲ್ಲಿ ಒಂದೆರಡು ಕಥೆ ಅಚ್ಚಾಗಿದ್ದರೆ ಪರಿಚಯಕ್ಕೆ ತೂಕ ಬರುತ್ತದೆ. ಒಂದೇ ಹಸ್ತಪ್ರತಿ ಹಲವು ಕಡೆ ಹೋಗಿದ್ದರೆ ಅದನ್ನು ಪತ್ರದಲ್ಲಿ ತಿಳಿಸುವುದು ಮರ್ಯಾದೆ. ಉತ್ತರಕ್ಕೆ ಮೂರರಿಂದ ಆರು ತಿಂಗಳು ಕಾಯಬೇಕಾಗುವುದು ಸಾಮಾನ್ಯ, ಉತ್ತರವೇ ಬಾರದಿರುವುದೂ ಉಂಟು. ದೊಡ್ಡ ಮಾರುಕಟ್ಟೆಯ ಅನೇಕ ಪ್ರಕಾಶಕರು ಲೇಖಕರ ಪರವಾಗಿ ವ್ಯವಹರಿಸುವ ಏಜೆಂಟರ ಮೂಲಕ ಬಂದ ಹಸ್ತಪ್ರತಿಗಳನ್ನಷ್ಟೇ ನೋಡುತ್ತಾರೆ. ಏಜೆಂಟರು ಲೇಖಕರ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇ 15ರಷ್ಟನ್ನು ಪಡೆಯುತ್ತಾರೆಯೇ ಹೊರತು ಓದಿ ನೋಡಲೆಂದು ಮುಂಗಡ ಶುಲ್ಕ ಕೇಳುವುದಿಲ್ಲ.

ಒಪ್ಪಂದವನ್ನು ಎರಡು ಸಲ ಓದಿ

ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ನಿಮ್ಮದು. ಕೃತಿಸ್ವಾಮ್ಯ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಡಂಬಡಿಕೆಗೆ ಸೇರಿದ ದೇಶಗಳಲ್ಲಿ ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಆದ್ದರಿಂದ ಒಪ್ಪಂದಪತ್ರ ಆ ಹಕ್ಕನ್ನು ಪೂರ್ತಿ ಬಿಟ್ಟುಕೊಡಲು ಕೇಳುತ್ತಿದೆಯೋ, ನಿರ್ದಿಷ್ಟ ಅವಧಿ, ಭಾಷೆ ಮತ್ತು ಪ್ರದೇಶಕ್ಕೆ ಮಾತ್ರ ಅನುಮತಿ ಕೇಳುತ್ತಿದೆಯೋ ಎಂಬುದನ್ನು ಮೊದಲು ನೋಡಬೇಕು. ಮಾರಾಟವಾದ ಪ್ರತಿಗಳಿಂದ ಲೇಖಕರಿಗೆ ಸಿಗುವ ಪಾಲಾದ ರಾಯಧನದ ಶೇಕಡಾವಾರು ಮುಖಬೆಲೆಯ ಮೇಲೋ, ರಿಯಾಯಿತಿ ಕಳೆದು ಪ್ರಕಾಶಕರ ಕೈಸೇರಿದ ಮೊತ್ತದ ಮೇಲೋ ಎಂಬ ಒಂದು ಪದದ ವ್ಯತ್ಯಾಸದಲ್ಲಿ ಗಳಿಕೆ ಅರ್ಧಕ್ಕಿಳಿಯಬಹುದು. ಚಿತ್ರಪುಸ್ತಕದಲ್ಲಿ ಈ ರಾಯಧನವನ್ನು ಚಿತ್ರಕಾರರೊಂದಿಗೆ ಹಂಚಿಕೊಳ್ಳುವುದು ರೂಢಿ, ಅದು ನ್ಯಾಯವೂ ಹೌದು. ಮುಂಗಡ ಕೊಟ್ಟರೆ ಅದು ಮುಂದಿನ ರಾಯಧನದಿಂದ ವಜಾ ಆಗುತ್ತದೆ. ಅನುವಾದ, ಧ್ವನಿಪುಸ್ತಕ, ಸಿನಿಮಾ ಹಕ್ಕುಗಳು ಯಾರವು, ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಹಕ್ಕು ಯಾವಾಗ ನಿಮಗೆ ಮರಳುತ್ತದೆ ಎಂಬ ಷರತ್ತುಗಳು ಬರಹದಲ್ಲೇ ಇರಲಿ. ಮುದ್ರಣದ ಖರ್ಚನ್ನು ಲೇಖಕರಿಂದಲೇ ವಸೂಲು ಮಾಡಿ, ಪ್ರತಿಗಳನ್ನು ಮಾರುವ ಹೊಣೆಯನ್ನೂ ಅವರ ತಲೆಗೇ ಕಟ್ಟುವವರ ಆದಾಯ ಓದುಗರಿಂದ ಬರುವುದಲ್ಲ, ನಿಮ್ಮಿಂದ ಬರುವುದು. ಅಲ್ಲಿಂದ ದೂರವಿರುವುದೇ ಲೇಸು.

ಸ್ವಂತ ಪ್ರಕಟಣೆ ಇದಕ್ಕಿಂತ ಬೇರೆ ದಾರಿ. ಅದರಲ್ಲಿ ಸಂಪಾದಕರು, ಚಿತ್ರಕಾರರು, ಪುಟವಿನ್ಯಾಸಕರು ಎಲ್ಲರನ್ನೂ ನೀವೇ ಹುಡುಕಿ ಹಣ ಕೊಡಬೇಕಾಗುತ್ತದೆ, ಚಿತ್ರಗಳ ಹಕ್ಕಿನ ಬಗ್ಗೆ ಲಿಖಿತ ಒಪ್ಪಂದವೂ ಬೇಕು. ಪುಸ್ತಕವನ್ನು ಗುರುತಿಸುವ 13 ಅಂಕಿಗಳ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ರಟ್ಟಿನ ರಕ್ಷಾಪುಟದ ಪ್ರತಿ, ತೆಳು ರಕ್ಷಾಪುಟದ ಪ್ರತಿ, ಇ-ಪುಸ್ತಕಗಳಿಗೆ ಬೇರೆ ಬೇರೆಯಾಗಿಯೇ ಪಡೆಯಬೇಕು.

ಹಸ್ತಪ್ರತಿ ಒಪ್ಪಿಗೆಯಾದ ಮೇಲೂ ಚಿತ್ರಗಳು ಮುಗಿದು ಪುಸ್ತಕ ಕೈಗೆ ಬರಲು ಒಂದೂವರೆ, ಎರಡು ವರ್ಷ ಹಿಡಿಯಬಹುದು. ಚಿತ್ರಗಳು ಬಂದಾಗ ಮಾತುಗಳಿಗೆ ಮತ್ತೊಮ್ಮೆ ಕತ್ತರಿ ಹಾಕಬೇಕಾಗುತ್ತದೆ, ಏಕೆಂದರೆ ಕಲಾವಿದರು ನಿಮ್ಮ ಎರಡು ವಾಕ್ಯಗಳ ಕೆಲಸವನ್ನು ಬೆಕ್ಕಿನ ಒಂದು ನೋಟದಲ್ಲಿ ಮುಗಿಸಿರುತ್ತಾರೆ. ಕೊನೆಯ ಕರಡಚ್ಚು ಬಂದಾಗ ಅದನ್ನು ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡದೆ, ಎರಡೂ ಬದಿ ಮುದ್ರಿಸಿ ಪಿನ್ ಹೊಡೆದು ಪುಸ್ತಕದಂತೆಯೇ ಮಗುಚಿ ನೋಡಿ: ಗುಟ್ಟು ಎಡಪುಟದಲ್ಲೇ ಉಳಿದಿದೆಯೇ, ನಡುವಿನ ಮಡಿಕೆಯಲ್ಲಿ ಯಾರದಾದರೂ ಮುಖ ಸಿಕ್ಕಿಹಾಕಿಕೊಂಡಿದೆಯೇ, ಚಿತ್ರಕಾರರ ಹೆಸರು ರಕ್ಷಾಪುಟದ ಮೇಲೆ ತಪ್ಪಿಲ್ಲದೆ ಬಂದಿದೆಯೇ.