ಒತ್ತಕ್ಷರದ ಬೆನ್ನು ಹತ್ತಿ: ವಿಷನ್ ಸೈನ್ಸ್ ಪಿಎಚ್‌ಡಿಗೆ ನಾನು ಅರ್ಜಿ ಹಾಕಿದ ಬಗೆ

ನಾನು ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವವಳು. ಶಿವಮೊಗ್ಗದ ಒಂದು ಕಣ್ಣಾಸ್ಪತ್ರೆಯಲ್ಲಿ ಲೋ ವಿಷನ್ ಕ್ಲಿನಿಕ್ ನೋಡಿಕೊಳ್ಳುತ್ತಿದ್ದೆ. ಆಪರೇಷನ್ ಆದಮೇಲೂ ಕನ್ನಡಕ ಹಾಕಿದಮೇಲೂ ದೃಷ್ಟಿ ಪೂರ್ತಿ ಬಾರದವರು ಅಲ್ಲಿಗೆ ಬರುತ್ತಾರೆ. ಅವರಿಗೆ ಭೂತಗನ್ನಡಿ, ಓದುವ ದೀಪ, ಮೊಬೈಲಿನ ಸೆಟಿಂಗ್ ಹೊಂದಿಸಿಕೊಡುವುದು ನಮ್ಮ ಕೆಲಸ. ಅಲ್ಲಿಂದ ಅಮೆರಿಕದ ವಿಷನ್ ಸೈನ್ಸ್ (ನೋಟ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಜ್ಞಾನ) ಪಿಎಚ್‌ಡಿಗೆ ಹೇಗೆ ಹೋದೆ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಮೊದಲು ಒಂದು ಗೊಂದಲ. ಅಲ್ಲಿ ಕಣ್ಣು ಪರೀಕ್ಷೆ ಮಾಡಲು ಬೇಕಾದ ಡಿಗ್ರಿ ಒ.ಡಿ. ಅದು ನಾಲ್ಕು ವರ್ಷದ್ದು, ಫೀಸು ಭಾರಿ. ಪಿಎಚ್‌ಡಿ ಬೇರೆ. ಅದರಲ್ಲಿ ಸಾಮಾನ್ಯವಾಗಿ ಫೀಸು ಮನ್ನಾ ಆಗುತ್ತದೆ, ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ. ಆದರೆ ಪಿಎಚ್‌ಡಿ ಮುಗಿಸಿದರೂ ಅಲ್ಲಿ ಪ್ರಾಕ್ಟೀಸ್ ಮಾಡುವ ಲೈಸೆನ್ಸ್ ಸಿಗುವುದಿಲ್ಲ. ನಮ್ಮಲ್ಲಿ ಆಪ್ಟೊಮೆಟ್ರಿಗೆ ಕೊಡುವ ಬಿ.ಆಪ್ಟಮ್ ಡಿಗ್ರಿ ಇಟ್ಟುಕೊಂಡೂ ಸಿಗುವುದಿಲ್ಲ. ಕ್ಲಿನಿಕ್ ಕೆಲಸವೇ ಇಷ್ಟ ಅನ್ನುವವರು ಈ ದಾರಿ ಹಿಡಿಯಬೇಡಿ.

ನಾನು ಹಿಡಿಯಲು ಕಾರಣ ಒಬ್ಬರು ನಿವೃತ್ತ ಮೇಷ್ಟ್ರು. ಅವರಿಗೆ ಮ್ಯಾಕ್ಯುಲಾ ಹಾಳಾಗಿತ್ತು. ಅಂದರೆ ನೋಟದ ನಡುಭಾಗವೇ ಹೋಗಿತ್ತು. ಸುತ್ತಲಿನ ನೋಟದಲ್ಲೇ ಪೇಪರ್ ಓದಬೇಕು. ಭೂತಗನ್ನಡಿ ಕೊಟ್ಟೆ. "ಅಕ್ಷರ ದೊಡ್ಡದಾಗೇನೋ ಕಾಣ್ತದಮ್ಮ, ಒತ್ತು ಬಂದ ಕಡೆ ಎಲ್ಲ ಕಲಸಿಹೋಗತ್ತೆ" ಅಂದರು. 'ಮನೆ', 'ನಗರ' ಸರಾಗ. 'ರಾಷ್ಟ್ರ' ಬಂದರೆ ನಿಂತುಬಿಡುತ್ತಿದ್ದರು. ಆಮೇಲೆ ಬೇರೆಯವರ ಬಳಿಯೂ ಇದನ್ನೇ ಕೇಳಿದೆ.

ಇದಕ್ಕೆ ವಿಷನ್ ಸೈನ್ಸ್‌ನಲ್ಲಿ ಕ್ರೌಡಿಂಗ್ ಅನ್ನುತ್ತಾರೆ. ಓರೆನೋಟದಲ್ಲಿ, ಅಂದರೆ ನೋಟದ ನಡುಭಾಗ ಬಿಟ್ಟು ಸುತ್ತಲಿನ ಭಾಗದಲ್ಲಿ, ಒಂದು ಅಕ್ಷರ ಒಂಟಿಯಾಗಿದ್ದರೆ ಗೊತ್ತಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಬಂದರೆ ಎರಡೂ ಬೆರೆತುಹೋಗುತ್ತವೆ. 1970ರಲ್ಲಿ ಹರ್ಮನ್ ಬೌಮಾ ಅನ್ನುವ ಸಂಶೋಧಕರು ಇದಕ್ಕೊಂದು ಲೆಕ್ಕ ಕೊಟ್ಟರು. ನೋಟದ ನಡುವಿನಿಂದ ಅಕ್ಷರ ಎಷ್ಟು ದೂರವಿದೆಯೋ, ಪಕ್ಕದ ಅಕ್ಷರ ಅದರ ಸುಮಾರು ಅರ್ಧದಷ್ಟಾದರೂ ಆಚೆ ಇರಬೇಕು. 10 ಡಿಗ್ರಿ ಓರೆಯಲ್ಲಿದ್ದರೆ ಸುಮಾರು 5 ಡಿಗ್ರಿ ಜಾಗ ಬೇಕು. 1992ರಲ್ಲಿ ಟೂಟ್ ಮತ್ತು ಡೆನಿಸ್ ಲೆವಿ ಇನ್ನೊಂದು ವಿಷಯ ತೋರಿಸಿದರು. ಈ ತೊಡಕು ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ. ನೋಟದ ನಡುವಿನಿಂದ ಹೊರಕ್ಕೆ ಹೋಗುವ ಗೆರೆಯ ಮೇಲೆ ಜಾಸ್ತಿ, ಅದಕ್ಕೆ ಅಡ್ಡವಾಗಿ ಕಮ್ಮಿ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮ್ಯಾಕ್ಯುಲಾ ಹೋದವರಲ್ಲಿ ಕೆಲವರು ಸಾಲನ್ನು ಕಾಣದ ಜಾಗದ ಕೆಳಗೆ ತಂದುಕೊಂಡು ಓದುತ್ತಾರೆ. ಆಗ ನಡುವಿನಿಂದ ಹೊರಕ್ಕೆ ಹೋಗುವ ಗೆರೆ ಮೇಲಿಂದ ಕೆಳಕ್ಕೆ ಇರುತ್ತದೆ. ಇಂಗ್ಲಿಷ್ ಅಕ್ಷರಗಳು ಪಕ್ಕಪಕ್ಕದಲ್ಲಿ ಕೂರುತ್ತವೆ. ಹಾಗಾಗಿ ಅವರಿಗೆ ತೊಡಕು ಕಮ್ಮಿ ಇರುವ ದಿಕ್ಕು ಸಿಗುತ್ತದೆ. ನಮ್ಮ ಒತ್ತು ಅಕ್ಷರದ ಕೆಳಗೆ ಕೂರುತ್ತದೆ, ಅಂದರೆ ತೊಡಕು ಜಾಸ್ತಿ ಇರುವ ದಿಕ್ಕಿಗೇ ಹೋಗಿ ಬೀಳುತ್ತದೆ. ಹಾಗಾದರೆ ಕನ್ನಡ ಓದುವವರಿಗೆ ನೋಟದ ಬೇರೆ ಜಾಗ ಬಳಸಲು ಕಲಿಸಬೇಕಾ? ಇಲ್ಲ, ಫಾಂಟ್‌ನಲ್ಲೇ ಒತ್ತನ್ನು ಸ್ವಲ್ಪ ದೂರ ಸರಿಸಿದರೆ ಸಾಕಾ?

ಅರ್ಜಿಯ ಹೊತ್ತಿಗೆ ನನ್ನ ಬಳಿ ಇದ್ದ ಬಂಡವಾಳ ಅಂದರೆ ಈ ಪ್ರಶ್ನೆ ಒಂದೇ. ಮಾರ್ಕ್ಸ್ ಸಾಧಾರಣ, ಪ್ರಕಟವಾದ ಪೇಪರ್ ಒಂದೂ ಇಲ್ಲ. ಅಷ್ಟು ವರ್ಷದ ಕ್ಲಿನಿಕ್ ಅನುಭವ ಇದೆ ಅಂದರೆ ಪ್ರೊಫೆಸರ್‌ಗಳು ತಲೆಯಾಡಿಸುತ್ತಾರೆ ಅಷ್ಟೆ. ಆ ಅನುಭವದಿಂದ ಒಂದು ಪ್ರಶ್ನೆ ಹುಟ್ಟಿದೆ ಅಂದಾಗ ಮಾತು ಮುಂದುವರಿಸುತ್ತಾರೆ.

ಕಾಲೇಜಿನ ಹೆಸರು ನೋಡಿ ಪಟ್ಟಿ ಮಾಡುವುದನ್ನು ಬಿಟ್ಟೆ. ಓರೆನೋಟದ ಓದಿನ ಬಗ್ಗೆ ಯಾರು ಕೆಲಸ ಮಾಡುತ್ತಿದ್ದಾರೆ ಅಂತ ಹುಡುಕಿದೆ. ಬರ್ಕ್ಲಿಯಲ್ಲಿ ಸುಸಾನಾ ಚಂಗ್, ಮಿನೆಸೋಟದಲ್ಲಿ ಗಾರ್ಡನ್ ಲೆಗ್ಗಿ, ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಡೆನಿಸ್ ಪೆಲ್ಲಿ. ಕೊನೆಯ ಇಬ್ಬರೂ ಸೈಕಾಲಜಿ ವಿಭಾಗದವರು! ನಮ್ಮ ಆಪ್ಟೊಮೆಟ್ರಿ ಹುಡುಗರು ಎಡವುವುದು ಇಲ್ಲೇ. ಆಪ್ಟೊಮೆಟ್ರಿ ಕಾಲೇಜುಗಳನ್ನು ಮಾತ್ರ ನೋಡುತ್ತಾರೆ. ಅದೇ ಕೆಲಸ ಸೈಕಾಲಜಿ, ನ್ಯೂರೋಸೈನ್ಸ್, ಎಂಜಿನಿಯರಿಂಗ್ ವಿಭಾಗಗಳಲ್ಲೂ ನಡೆಯುತ್ತದೆ. ಹ್ಯೂಸ್ಟನ್‌ನಲ್ಲಿ ಡಿಗ್ರಿಯ ಹೆಸರಲ್ಲೇ ಫಿಸಿಯಾಲಜಿಕಲ್ ಆಪ್ಟಿಕ್ಸ್ ಅಂತಲೂ ಇದೆ. ಹೈದರಾಬಾದಿನ ಎಲ್‌.ವಿ. ಪ್ರಸಾದ್ ಕಣ್ಣಾಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯದಲ್ಲೂ ಒಳ್ಳೆಯ ಸಂಶೋಧನೆ ಇದೆ. ಹೊರದೇಶವೇ ಆಗಬೇಕೆಂಬ ಹಟ ಬೇಡ. ನನ್ನ ಪ್ರಶ್ನೆಗೆ ಬೇಕಾದ ಲ್ಯಾಬ್‌ಗಳು ಹೆಚ್ಚಾಗಿ ಅಲ್ಲಿದ್ದವು ಅಷ್ಟೆ.

ಪ್ರಶ್ನೆ ಇದ್ದರೆ ಸಾಲದು, ಅಳೆಯಲು ಬರುತ್ತದೆ ಅಂತಲೂ ತೋರಿಸಬೇಕು. ಪರದೆಯ ಮೇಲೆ ಇಂಥ ಪ್ರಯೋಗ ನಡೆಸಲು ಸೈಕೋಪಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಅದರ ನೆಪದಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿತೆ. ಆಸ್ಪತ್ರೆಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಸ್ಲಿಟ್ ಲ್ಯಾಂಪಿನ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದ) ಚಿನ್ ರೆಸ್ಟ್, ಅಂದರೆ ಗಲ್ಲ ಊರುವ ಪಟ್ಟಿ, ಬಿಚ್ಚಿ ತಂದೆ. ಪರದೆಯಿಂದ ಕಣ್ಣಿಗೆ 57 ಸೆಂಟಿಮೀಟರ್ ಇಟ್ಟರೆ ಪರದೆಯ ಮೇಲಿನ 1 ಸೆಂಟಿಮೀಟರ್ ಸುಮಾರು 1 ಡಿಗ್ರಿ ಆಗುತ್ತದೆ, ಲೆಕ್ಕ ಸುಲಭ. ಒತ್ತನ್ನು ಬೇಕಾದಷ್ಟು ದೂರ ಸರಿಸಬೇಕಲ್ಲ, ಅದಕ್ಕೆ ಅಕ್ಷರ ಟೈಪ್ ಮಾಡದೆ ಮೂಲಾಕ್ಷರ, ಒತ್ತು ಎರಡನ್ನೂ ಬೇರೆಬೇರೆ ಚಿತ್ರ ಮಾಡಿ ಹಾಕಿದೆ. ರೋಗಿಗಳ ಮೇಲೆ ಮಾಡಲು ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಹಾಗಾಗಿ ನನ್ನ ಕಣ್ಣಿನ ಮೇಲೇ ಮಾಡಿಕೊಂಡೆ. ಒಬ್ಬಳ ಕಣ್ಣಿನ ಗ್ರಾಫ್‌ನಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೂ ಸಂದರ್ಶನದಲ್ಲಿ ಎಲ್ಲರೂ ಕೇಳಿದ್ದು ಆ ಗ್ರಾಫ್ ಬಗ್ಗೆಯೇ.

ಪ್ರೊಫೆಸರ್‌ಗಳಿಗೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇಮೇಲ್ ಬರೆದೆ. ಪ್ರಶ್ನೆ ನಾಲ್ಕು ಸಾಲು, ಅವರ ಯಾವ ಪೇಪರ್‌ಗೆ ಇದು ಹೊಂದುತ್ತದೆ ಅನ್ನುವುದು ಎರಡು ಸಾಲು. ಕೊನೆಯಲ್ಲಿ, ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಅಂತ ನೇರವಾಗಿ ಕೇಳಿದೆ. ಬರೆಯುವ ಮೊದಲು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯ ಎನ್‌ಐಎಚ್ ರಿಪೋರ್ಟರ್ ಅನ್ನುವ ತಾಣದಲ್ಲಿ ಅವರ ಹೆಸರು ಹಾಕಿ ನೋಡುತ್ತಿದ್ದೆ. ಅಮೆರಿಕದಲ್ಲಿ ಕಣ್ಣಿನ ಸಂಶೋಧನೆಗೆ ಹೆಚ್ಚಿನ ದುಡ್ಡು ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ನಿಂದ ಬರುತ್ತದೆ. ಯಾರ ಗ್ರ್ಯಾಂಟ್ (ಸಂಶೋಧನಾ ಅನುದಾನ) ಯಾವಾಗ ಮುಗಿಯುತ್ತದೆ ಅನ್ನುವುದು ಆ ತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಇದು ನಮಗೆ ಯಾಕೆ ಮುಖ್ಯ ಅಂದರೆ, ಟಿ32 ಅನ್ನುವ ತರಬೇತಿ ಗ್ರ್ಯಾಂಟ್ ಅಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ನಮ್ಮಂಥವರ ಸಂಬಳ ಪ್ರೊಫೆಸರ್‌ ಗ್ರ್ಯಾಂಟ್‌ನಿಂದಲೋ ಪಾಠ ಮಾಡುವ ಕೆಲಸದಿಂದಲೋ ಬರಬೇಕು. ಒಬ್ಬ ಪ್ರೊಫೆಸರ್ "ನಿಮ್ಮ ಪ್ರಶ್ನೆ ಚೆನ್ನಾಗಿದೆ, ನನ್ನ ಬಳಿ ದುಡ್ಡಿಲ್ಲ" ಅಂತ ಒಂದೇ ಸಾಲು ಬರೆದರು. ಅರ್ಜಿಯ ಫೀಸು ಉಳಿಯಿತು.

ಮೂರು ಶಿಫಾರಸು ಪತ್ರ ಬೇಕು. ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಗೊತ್ತಲ್ವಾ? "ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ." ಮೂರನ್ನೂ ನಾನೇ ಬರೆದರೆ ಮೂರರ ದನಿಯೂ ಒಂದೇ ಆಗುತ್ತದೆ, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. "ಸರ್, ನೀವು ಮಾತಾಡಿ, ನಾನು ನೋಟ್ಸ್ ಮಾಡ್ಕೊಡ್ತೀನಿ, ಬರೆಯೋದು ಮಾತ್ರ ನೀವೇ" ಅಂದೆ. ನಮ್ಮ ಸರ್ ಆ ಹಳೇ ಚಿನ್ ರೆಸ್ಟ್ ಕಥೆಯನ್ನೇ ಬರೆದರು. ಪತ್ರ ಆಸ್ಪತ್ರೆಯ ಇಮೇಲ್‌ನಿಂದಲೇ ಹೋಗಲಿ, ಜಿಮೇಲ್ ಬೇಡ.

ಎಸ್‌ಒಪಿಯನ್ನು, ಅಂದರೆ ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಪ್ರಬಂಧವನ್ನು, ಒತ್ತಕ್ಷರದಿಂದಲೇ ಶುರು ಮಾಡಿದೆ. ಕನ್ನಡ ಓದಲು ಬಾರದವರಿಗೆ ಅರ್ಥವಾಗಲಿ ಅಂತ ಒಂದು ಸಣ್ಣ ಚಿತ್ರವನ್ನೂ ಸೇರಿಸಿದೆ. ಚಿಕ್ಕಂದಿನಿಂದ ಕಣ್ಣಿನ ಸೇವೆ ಮಾಡುವ ಆಸೆ ಅನ್ನುವ ಸಾಲುಗಳಿಗೆ ಅಲ್ಲಿ ಬೆಲೆ ಇಲ್ಲ.

ಟ್ರಾನ್ಸ್‌ಕ್ರಿಪ್ಟ್ ವಿಷಯ ಬೇಗ ಮುಗಿಸುತ್ತೇನೆ, ನೆನೆದರೆ ಈಗಲೂ ಸುಸ್ತು. ಈ ಅಧಿಕೃತ ಅಂಕಪಟ್ಟಿಗೆ ನಿಮ್ಮ ವಿಶ್ವವಿದ್ಯಾಲಯಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಕೊಡಿ. ಪಿಎಚ್‌ಡಿ ಅರ್ಜಿಗೆ ಬಹಳ ಕಡೆ ಕೊನೆಯ ದಿನ ಡಿಸೆಂಬರ್‌ನಲ್ಲೇ ಬರುತ್ತದೆ. ನಾಲ್ಕನೇ ವರ್ಷದ ಇಂಟರ್ನ್‌ಶಿಪ್‌ಗೆ ಬೇರೆ ಸರ್ಟಿಫಿಕೇಟ್ ಇರಲಿ. ಅದಿಲ್ಲದಿದ್ದರೆ ನಮ್ಮದು ಮೂರೇ ವರ್ಷದ ಡಿಗ್ರಿ ಅಂದುಕೊಳ್ಳುವವರಿದ್ದಾರೆ. ಜಿಆರ್‌ಇ ಪ್ರವೇಶ ಪರೀಕ್ಷೆಯನ್ನು ಈಗ ಬಹಳ ಕಡೆ ಕೇಳುವುದಿಲ್ಲ. ಇಂಗ್ಲಿಷ್ ಪರೀಕ್ಷೆ, ಟೋಫೆಲ್ ಇಲ್ಲವೇ ಐಇಎಲ್‌ಟಿಎಸ್, ಸಾಮಾನ್ಯವಾಗಿ ಬೇಕಾಗುತ್ತದೆ.

ಸಂದರ್ಶನ ಜೂಮ್‌ನಲ್ಲಿ, ನಮ್ಮ ರಾತ್ರಿ ಹೊತ್ತಿಗೆ. ಕಷ್ಟದ ಪ್ರಶ್ನೆ ಬಂದದ್ದು ಒಂದೇ: "ನಿಮ್ಮ ಊಹೆ ತಪ್ಪು ಅಂತ ಯಾವ ಫಲಿತಾಂಶ ಬಂದರೆ ಒಪ್ಪುತ್ತೀರಿ?" ಒತ್ತನ್ನು ಕೆಳಗಿನಿಂದ ತೆಗೆದು ಪಕ್ಕಕ್ಕೆ ಅಷ್ಟೇ ದೂರದಲ್ಲಿಟ್ಟಾಗಲೂ ತಪ್ಪು ಅಷ್ಟೇ ಆದರೆ ಒಪ್ಪುತ್ತೇನೆ ಅಂದೆ. ಆಮೇಲೆ ಅರ್ಧ ಗಂಟೆ ನಾವು ಫಾಂಟ್ ಬಗ್ಗೆಯೇ ಮಾತಾಡಿದೆವು.

ಆಫರ್ ಬಂದಾಗ ಗಡಿಬಿಡಿ ಬೇಡ. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ಒಪ್ಪಂದಕ್ಕೆ ಸಹಿ ಹಾಕಿವೆ, ಆವರೆಗೆ ಯೋಚಿಸಲು ಸಮಯ ಇರುತ್ತದೆ. ಸ್ಟೈಪೆಂಡ್ 9 ತಿಂಗಳದ್ದೋ 12 ತಿಂಗಳದ್ದೋ ನೋಡಿ. ಬೇಸಿಗೆಯಲ್ಲಿ ಬಾಡಿಗೆ ನಿಲ್ಲುವುದಿಲ್ಲ. ಇನ್ಶೂರೆನ್ಸ್ ಯಾರು ಕಟ್ಟುತ್ತಾರೆ, ಪ್ರೊಫೆಸರ್ ಬೇರೆ ಊರಿಗೆ ಹೋದರೆ ನಿಮ್ಮ ಗತಿ ಏನು, ಎಲ್ಲ ಕೇಳಿ. ಕೇಳಿದರೆ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಲ್ಯಾಬ್‌ನಲ್ಲಿ ಆಗಲೇ ಇದ್ದ ವಿದ್ಯಾರ್ಥಿಗಳ ಜೊತೆ, ಪ್ರೊಫೆಸರ್ ಇಲ್ಲದಾಗ, ಬೇರೆಯಾಗಿ ಮಾತಾಡಿದೆ. ದೊಡ್ಡ ಹೆಸರಿನ ಒಂದು ಕಡೆ ಅವರು ತಡವರಿಸಿದರು. ಇನ್ನೊಂದು ಕಡೆ ಒಬ್ಬಳು ನಗುತ್ತಾ ಪ್ರೊಫೆಸರ್‌ರನ್ನು ಬೈದಳು, ಆಮೇಲೆ ಹೊಗಳಿದಳು. ನಾನು ಎರಡನೆಯದಕ್ಕೆ ಹೂಂ ಅಂದೆ.